ಶಾಸನಸ್ಥಾನಗಳ ನಿರ್ದೇಶನ ಮತ್ತು ಜಿ.ಪಿ.ಎಸ್. ಯಂತ್ರ

ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನು ಶಕ ವರ್ಷ 690ರಲ್ಲಿ, ಎಂದರೆ ಕ್ರಿ.ಶ. 768ರಲ್ಲಿ, ಗಂಗವಾಡಿಯ ಮಣ್ಣೆಯಲ್ಲಿ ಬೀಡುಬಿಟ್ಟಿದ್ದಾಗ ಹೊರಡಿಸಿದ ದಾನಪತ್ರವು ತಳೇಗಾಂವ್ ತಾಮ್ರಶಾಸನವೆಂದು ಪ್ರಸಿದ್ಧವಾಗಿದೆ. ನೆಲಮಂಗಲದ ಕಡೆಯ ಬೀಡಿನಿಂದ ಹೊರಟ ಆ ಅಪ್ಪಣೆಯು ದತ್ತಿಯಾಗಿ ಕೊಟ್ಟುದು ಪುನಕ ವಿಷಯದ, ಎಂದರೆ ಇಂದಿನ ಪುಣೆಯ ಆಸುಪಾಸಿನ, ಭೂಮಿಯನ್ನು. ಶಾಸನಕಾರನು ನೆರೆಯೂರುಗಳನ್ನೂ ನದಿಯನ್ನೂ ಎಲ್ಲೆಗಳಾಗಿ ಹೇಳಿರುವನು. ಥೇವೂರು ಮೊದಲಾದ ಹೆಸರುಗಳು ಇಂದಿಗೂ ಉಳಿದಿರುವುದರಿಂದ ಆ ನೆಲವನ್ನು ಸುಮಾರಾಗಿ ಗುರುತಿಸುವುದು ಸಾಧ್ಯವಾಗಿದೆ. ಆದರೆ ಎಲ್ಲೆಗಳಲ್ಲಿ ಬರುವ ಆಳಂದಿ ಯಾವುದು? ಜ್ಞಾನೇಶ್ವರರ ಸಮಾಧಿಯಿರುವ ಇಂದ್ರಾಯಣೀ ತೀರದ ಆಳಂದಿ ಒಂದು. ಥೇವೂರಿನ ಬಳಿಯ ಆಳಂದಿ ಮ್ಹಾತೋಬಾಚಿ ಇನ್ನೊಂದು. ಸಂದರ್ಭಕ್ಕೆ ಒಪ್ಪುವುದು ಎರಡನೆಯದೇ.

ಹೆಸರು ಉಳಿದರೂ ಗೊಂದಲ ಹೀಗಿದ್ದರೆ, ಹೆಗ್ಗುರುತುಗಳೇ ಅಳಿದಲ್ಲಿ ಹೇಳತಕ್ಕದ್ದೇನು? 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟೆಯಿಂದ ಭೀಮಾತೀರದ ಹಲವು ಊರುಗಳು ನೀರಿನ ಪಾಲಾದುವು. ಇಂದಾಪುರ ತಾಲ್ಲೂಕಿನ ಪಳಸದೇವದ ಹಳೆಯ ದೇಗುಲವು ಜಲಾಶಯದ ಮಟ್ಟ ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ಪೂರ್ತಿ ಹೊರಗೆ ತೋರುತ್ತದೆ. ‘ಊರ ಮೂಡಲ ಹೊಲದಲ್ಲಿರುವ ಕಲ್ಲು’ ಎಂಬ ಬಗೆಯ ವಿವರಣೆಗೆ ಅಂತಹ ಕೆಸರುಬಯಲಿನಲ್ಲಿ ಅರ್ಥವೇ ಇಲ್ಲ. ಅಲ್ಲಿ ನೆರವಾಗುವುದು ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರದಲ್ಲಿ ದಾಖಲಿಸಿದ ಸ್ಥಾನ. ಇದಕ್ಕೆ ವೇಪಾಯಿಂಟ್ ಎಂದು ಹೆಸರು.

ದಾಖಲಿಸುವ ಕ್ರಮ ಸುಲಭವಾದುದು. ವಾಹನ ನಿಲ್ಲಿಸಿದ ಕಡೆಯಲ್ಲ, ಕಲ್ಲಿನ ಪಕ್ಕದಲ್ಲಿಯೇ ನಿಂತು, ಆಕಾಶ ತೆರೆದಿರುವಂತೆ ಯಂತ್ರವನ್ನು ಹಿಡಿಯಬೇಕು. ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತ ಹೊರತು ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ಸರಿಯಾಗಿ ನಿರ್ಣಯವಾಗವು. ಯಂತ್ರವು ತಾನೇ ತೋರಿಸುವ ದೋಷದ ಅಂದಾಜು ಕೆಲವೇ ಮೀಟರುಗಳಿಗೆ ಇಳಿಯುವ ತನಕ ಕಾಯುವುದು ಲೇಸು. ಆಲದ ಮರದ ಕೆಳಗಾಗಲಿ ಬಂಡೆಯ ಮಗ್ಗುಲಲ್ಲಾಗಲಿ ಸಂಕೇತಗಳು ತಡೆಯಲ್ಪಟ್ಟು, ಇಲ್ಲವೆ ಪ್ರತಿಫಲಿಸಿ, ದೋಷ ಹೆಚ್ಚುತ್ತದೆ. ಹಲವು ಯಂತ್ರಗಳು ಅನೇಕ ಅಳತೆಗಳ ಸರಾಸರಿಯನ್ನು ತೆಗೆಯಬಲ್ಲವು. ಯಂತ್ರವು ತಾನಾಗಿ ಕೊಡುವ 001, 002 ಎಂಬ ಸಂಖ್ಯೆಗಳನ್ನು ಹಾಗೆಯೇ ಬಿಟ್ಟರೆ ಮರುವರ್ಷ ಯಾವುದು ಯಾವ ಕಲ್ಲೆಂದು ತಿಳಿಯುವ ಬಗೆಯಿಲ್ಲ. ಊರಿನ ಹೆಸರಿನೊಡನೆ ಕಲ್ಲಿನ ಸಂಖ್ಯೆಯನ್ನು ಸೇರಿಸಬೇಕು.

ಪ್ರಮಾದ ಹೆಚ್ಚಾಗಿ ನುಸುಳುವುದು ಬರವಣಿಗೆಯಲ್ಲಿ. 18 ಅಂಶ, 30 ಕಲೆ, 30 ವಿಕಲೆ ಎಂಬುದನ್ನು ದಶಮಾಂಶದಲ್ಲಿ 18.5083 ಎಂದು ಬರೆಯಬೇಕು. ಇದನ್ನೇ 18.3030 ಎಂದು ಬರೆದರೆ ಸ್ಥಾನವು 22 ಕಿಲೋಮೀಟರಿಗೂ ಮಿಗಿಲಾಗಿ ದಕ್ಷಿಣಕ್ಕೆ ಸರಿದು ಬೇರೊಂದು ಊರಿನ ಪಾಲಾಗುವುದು. ಭೂಮಾನದ ಆಧಾರವನ್ನು ಸೂಚಿಸದಿರುವುದು ಇನ್ನೊಂದು ದೋಷ. ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಎವರೆಸ್ಟ್ ಗೋಲಾಭಕ್ಕೆ ಅನುಸಾರವಾದುವು, ಜಿ.ಪಿ.ಎಸ್. ಬಳಸುವುದು ಡಬ್ಲ್ಯು.ಜಿ.ಎಸ್. 84ನ್ನು. 2005ರ ರಾಷ್ಟ್ರೀಯ ನಕ್ಷಾನೀತಿಯ ತರುವಾಯ ಬಂದ ಮುಕ್ತಶ್ರೇಣಿಯ ನಕ್ಷೆಗಳೂ ಇದನ್ನೇ ಅನುಸರಿಸುತ್ತವೆ. ಎರಡನ್ನೂ ಬೆರೆಸಿದರೆ ಪುಣೆಯ ಪ್ರಾಂತದಲ್ಲಿ ನೂರು ಮೀಟರಿನಷ್ಟು ವ್ಯತ್ಯಾಸ ಬರಬಹುದು. ಮಣ್ಣಿನಲ್ಲಿ ಅರ್ಧ ಹೂತ ವೀರಗಲ್ಲನ್ನು ಕಾಣದೆ ಹಿಂದಿರುಗಲು ಅಷ್ಟು ಸಾಕು. ಆಧಾರವನ್ನು ಹೇಳದ ಅಂಕಿಯೆಂದರೆ ಯಾವ ದೇಶದ ನಾಣ್ಯವೆಂದು ತಿಳಿಸದೆ ಬರೆದ ಮೊತ್ತವೇ ಸರಿ.

ಯಂತ್ರ ಕೆಟ್ಟರೆ ದಾಖಲೆಯೂ ಹೋಗುವುದರಿಂದ ಅಂಕಿಗಳನ್ನು ಸ್ಥಳದಲ್ಲಿಯೇ ಟಿಪ್ಪಣಿಪುಸ್ತಕಕ್ಕೆ ಇಳಿಸಿ, ದಿನಾಂಕ, ದೋಷದ ಅಂದಾಜು, ಭೂಮಾನದ ಆಧಾರ, ಇವನ್ನು ಜೊತೆಯಲ್ಲಿ ಬರೆದು, ಎರಡನೆಯವರೊಬ್ಬರಿಂದ ಓದಿಸಿ ತಾಳೆನೋಡಿಸಬೇಕು. ಶಾಸನಪಾಠವು ಅಚ್ಚಾಗುವಾಗ ಈ ವಿವರಗಳು ಪಾಠದ ತಲೆಯಲ್ಲಿಯೇ ಇರತಕ್ಕದ್ದು.