ನಿಮಗಿದು ಗೊತ್ತೇ? ಮೂಗಿನೊಳಗೂ ಸಾಗಣೆದಾರರಿದ್ದಾರೆ!

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗದ ಆಚೀಚಿನ ಹಳ್ಳಿಗೆ ಹೋದರೆ, ಹಂಡೆ ಕಣ್ಣಿಗೆ ಬೀಳುವ ಮೊದಲೇ ಚೊಗರಿನಲ್ಲಿ ಬೇಯುವ ಅಡಿಕೆಯ ವಾಸನೆ ನಮ್ಮನ್ನು ಎದುರುಗೊಳ್ಳುತ್ತದೆ. ಅದನ್ನು ಹಿಡಿಯುವುದು ಮೂಗಿನ ನರಕೋಶಗಳ ಹೊರಮೈಯಲ್ಲಿರುವ ರಿಸೆಪ್ಟರ್ ಎಂಬ ಪ್ರೋಟೀನುಗಳು. ಮನುಷ್ಯರಲ್ಲಿ ಇವು ಸುಮಾರು 400 ಬಗೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು.

ಆದರೆ ರಿಸೆಪ್ಟರ್ ತಯಾರಾಗುವುದು ಕೋಶದ ಒಳಗೆ. ರಾಶಿ ಇಡಿ ಅಡಿಕೆ ಅಂಗಳದಲ್ಲಿ ಒಣಗಿ ಸಿದ್ಧವಾಗಿದ್ದರೂ ಗಾಡಿ ಸಿಗದೆ ಮಂಡಿಗೆ ಬಾರದಿದ್ದರೆ ಕೊಳ್ಳುವವನ ಪಾಲಿಗೆ ಅದು ಇಲ್ಲದಂತೆಯೇ ಅಲ್ಲವೇ? ಇಲ್ಲೂ ಹಾಗೆಯೇ. ಪ್ರಯೋಗಾಲಯದ ಕೋಶಗಳಲ್ಲಿ ವಾಸನೆಯ ರಿಸೆಪ್ಟರ್ ಬೆಳೆಸಲು ಹೋದವರಿಗೆ ಅದು ಒಳಗೇ ಸಿಕ್ಕಿಹಾಕಿಕೊಂಡು ವರ್ಷಗಟ್ಟಲೆ ಸತಾಯಿಸಿತು. 2004ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹಿರೋಆಕಿ ಮಾತ್ಸುನಾಮಿ ತಂಡಕ್ಕೆ ಆ ಗಾಡಿಗಳು ಸಿಕ್ಕವು: ಆರ್‌ಟಿಪಿ1, ಆರ್‌ಟಿಪಿ2, ರೀಪ್1 ಎಂಬ ಸಹಾಯಕ ಪ್ರೋಟೀನುಗಳು.

ಮೊದಲೆರಡೂ ಇಲ್ಲದ ಇಲಿಗಳನ್ನು 2017ರಲ್ಲಿ ಪರೀಕ್ಷಿಸಿದಾಗ ಬಹುಪಾಲು ರಿಸೆಪ್ಟರ್‌ಗಳ ನರಕೋಶಗಳು ಕಡಿಮೆಯಾಗಿದ್ದವು. ಕೆಲವು ಮಾತ್ರ ಹೆಚ್ಚಾಗಿದ್ದವು! ಅವುಗಳ ರಿಸೆಪ್ಟರ್‌ಗಳಿಗೆ ಗಾಡಿಯ ಹಂಗೇ ಇಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ.

ಹಾಗಲಕಾಯಿ ಕಹಿಯೆಂದು ಹೇಳುವ ನಾಲಿಗೆಯ ರಿಸೆಪ್ಟರ್‌ಗಳಲ್ಲಿ ಕೆಲವನ್ನು ಹೊರಮೈಗೆ ತರಲು ನೆರವಾಗುವವು ಇದೇ ಮನೆತನದ ಆರ್‌ಟಿಪಿ3, ಆರ್‌ಟಿಪಿ4.

ಕೆಲವು ರಿಸೆಪ್ಟರ್‌ಗಳಿಗೆ ಗಾಡಿಯೊಂದೇ ಸಾಲದು. ಭದ್ರಾವತಿಯಲ್ಲಿ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಗಂಧಕದ ಲವಣ ಹಾಕಿ ಮರದ ತಿರುಳು ಬೇಯಿಸುವ ಕಡೆಯೆಲ್ಲ ಮೀಥೇನ್‌ಥಯಾಲ್ ಎಂಬ ಕೊಳೆತ ಎಲೆಕೋಸಿನ ವಾಸನೆ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವುದು ಅದರದೇ ಸೋದರ. ಈ ಬಗೆಯ ವಾಸನೆ ಹಿಡಿಯುವ ನಮ್ಮ ಒಂದು ರಿಸೆಪ್ಟರ್‌ಗೆ ತಾಮ್ರದ ಅಯಾನು ಜೊತೆಗಿರಬೇಕು ಎಂದು 2016ರಲ್ಲಿ ತಿಳಿಯಿತು.

ಇಂಥ ಗಾಡಿಗಳು ಮೂಗು, ನಾಲಿಗೆಯ ಆಚೆಗೂ ಇವೆ. ಅಲ್ಲಿ ಗಾಡಿ ಕೈಕೊಟ್ಟರೆ ಮಕ್ಕಳ ಜೀವಕ್ಕೇ ಕುತ್ತು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬರುತ್ತದೆ. ಅದರ ರಿಸೆಪ್ಟರನ್ನು ಹೊರಮೈಗೆ ಒಯ್ಯುವುದು ಎಂಆರ್‌ಎಪಿ ಎಂಬ ಗಾಡಿ. ಅದರ ಜೀನ್ ಕೆಟ್ಟರೆ ಹಾರ್ಮೋನು ಎಷ್ಟು ಬಂದರೂ ಗ್ರಂಥಿಗೆ ಕೇಳಿಸದು, ಕಾರ್ಟಿಸಾಲ್ ತಯಾರಾಗದು. ಮಗುವಿನ ರಕ್ತದ ಸಕ್ಕರೆ ಕುಸಿಯುತ್ತದೆ, ಮೈಬಣ್ಣ ಕಪ್ಪಾಗುತ್ತದೆ. 2005ರಲ್ಲಿ ಕಾರಣ ಪತ್ತೆಯಾದ ಈ ಕಾಯಿಲೆ ಅಪರೂಪದ್ದು. ಸಮಯಕ್ಕೆ ಗುರುತಿಸಿದರೆ ಕೊರತೆಯಾದ ಹಾರ್ಮೋನನ್ನು ದಿನವೂ ಮಾತ್ರೆಯಲ್ಲಿ ಕೊಡಬಹುದು.

ಒಂದೇ ರಿಸೆಪ್ಟರ್, ಜೊತೆಗಾರ ಬೇರೆಯಾದರೆ ಕೆಲಸವೂ ಬೇರೆ. ಸಿಆರ್‌ಎಲ್‌ಆರ್ ಎಂಬುದು ರ‍್ಯಾಂಪ್1 ಜೊತೆ ಹೊರಬಂದರೆ ಮೈಗ್ರೇನ್ ತಲೆನೋವಿಗೆ ಸಂಬಂಧಿಸಿದ ಸಿಜಿಆರ್‌ಪಿಗೆ ಓಗೊಡುತ್ತದೆ. ರ‍್ಯಾಂಪ್2 ಜೊತೆ ಬಂದರೆ ರಕ್ತನಾಳ ಹಿಗ್ಗಿಸುವ ಅಡ್ರಿನೊಮೆಡ್ಯುಲಿನ್‌ಗೆ. ಇದು ಗೊತ್ತಾದದ್ದು 1998ರಲ್ಲಿ.

ಸೊಳ್ಳೆಯ ವಾಸನೆ ರಿಸೆಪ್ಟರ್‌ಗಳಿಗೆ ಓರ್ಕೋ ಎಂಬ ಜೊತೆಗಾರ ಬೇಕು. ಅದಿಲ್ಲದ ಸೊಳ್ಳೆಗೆ ಮನುಷ್ಯರ ವಾಸನೆಯನ್ನು ಬೇರೆ ಪ್ರಾಣಿಯದರಿಂದ ಬಿಡಿಸಿ ಹೇಳುವುದೇ ಕಷ್ಟ. ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವ ಉಣುಗಿನಲ್ಲಿ ಓರ್ಕೋ ಇಲ್ಲ. ಉಣುಗು ಕೀಟವಲ್ಲ, ಜೇಡನ ಬಳಗ. ಅದರ ಮೂಗು ಇರುವುದು ಮುಂಗಾಲಿನಲ್ಲಿ! ದರಗು ತರಲು ಹೋದವರ ಉಸಿರಿಗಾಗಿ, ಮೈವಾಸನೆಗಾಗಿ ಎಲೆಯ ತುದಿಯಲ್ಲಿ ಆ ಕಾಲುಗಳನ್ನೆತ್ತಿ ಅದು ಕಾಯುತ್ತಿರುತ್ತದೆ. ಉಣುಗನ್ನು ದೂರವಿಡುವ ಡೀಪಾ ಎಣ್ಣೆ ಹಚ್ಚದೆ ಕಾಡಿಗೆ ಹೋಗಬೇಡಿ.