‘ಇಸು’ ಕಲಿಸಿದವರು ಯಾರು?

ನಂಜನಗೂಡಿನ ಜಾತ್ರೆಯಲ್ಲಿ ‘ತೇರು ಓಡಿತು’. ಜನ ‘ತೇರನ್ನು ಓಡಿಸಿದರು’. ತಿ. ನರಸೀಪುರದ ಸಂಗಮದಲ್ಲಿ ‘ಹರಿಗೋಲು ತೇಲಿತು’. ಅಂಬಿಗ ‘ಹರಿಗೋಲನ್ನು ತೇಲಿಸಿದ’. ಈ ‘ಇಸು’ ಪ್ರತ್ಯಯವನ್ನು ಮನೆಯಲ್ಲಿ ಯಾರೂ ಪಾಠ ಮಾಡುವುದಿಲ್ಲ. ಆದರೂ ವ್ಯಾಕರಣದ ಪುಸ್ತಕ ತೆರೆಯುವ ಮೊದಲೇ ಮಗುವಿಗೆ ಅದು ಬಂದಿರುತ್ತದೆ. ಹೇಗೆ?

ಕೇಳಿದ್ದನ್ನೆಲ್ಲ ಮೆದುಳು ಲೆಕ್ಕ ಇಡುತ್ತದೆ ಎಂಬುದು ಒಂದು ವಾದ. 1990ರಲ್ಲಿ ಅಮೆರಿಕದ ಜೆಫ್ರಿ ಎಲ್ಮನ್, ನರಜಾಲವನ್ನು ಅನುಕರಿಸುವ ಕಂಪ್ಯೂಟರ್ ಮಾದರಿಗೆ ಸರಳ ವಾಕ್ಯಗಳನ್ನು ಕೊಟ್ಟು ಮುಂದಿನ ಪದ ಊಹಿಸಲು ಬಿಟ್ಟರು. ನಿಯಮವೊಂದನ್ನೂ ಹೇಳಿಕೊಡದಿದ್ದರೂ ಅದು ನಾಮಪದ, ಕ್ರಿಯಾಪದಗಳನ್ನು ಬೇರೆಬೇರೆ ಗುಂಪಾಗಿಸಿತು!

ಬರೀ ಲೆಕ್ಕವೇ ಸಾಕಾದರೆ, ಕನ್ನಡದ ಮಗುವಿಗೆ ‘ಇಸು’ವೇ ದೊಡ್ಡ ಸುಳಿವಾಗಬೇಕು. ‘ಇಸು’ ಬಂದರೆ ಮಾಡಿಸಿದ್ದು ಎಂದೇ ಸಾಮಾನ್ಯ ಅರ್ಥ. ಆದರೆ 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಮೂರು ವರ್ಷದ ಕನ್ನಡದ ಮಕ್ಕಳು, ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸಬೇಕಿತ್ತು. ಅವರು ನೆಚ್ಚಿದ್ದು ‘ಇಸು’ವನ್ನಲ್ಲ, ವಾಕ್ಯದಲ್ಲಿದ್ದ ನಾಮಪದಗಳ ಸಂಖ್ಯೆಯನ್ನು. ಎರಡಿದ್ದರೆ ಒಂದು ಇನ್ನೊಂದರಿಂದ ಮಾಡಿಸಿತು. ಒಂದೇ ಇದ್ದರೆ ತಾನೇ ಮಾಡಿತು.

ಮಗು ಬರಿಗೈಯಲ್ಲಿ ಬರುವುದಿಲ್ಲ, ಭಾಷೆಯ ಕುರಿತ ಕೆಲವು ನಿರೀಕ್ಷೆಗಳನ್ನು ಹೊತ್ತೇ ಬರುತ್ತದೆ ಎಂಬುದು ಈ ಸಂಶೋಧಕರ ನಿಲುವು. ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಭಾಷೆಯ ಅನುಭವವಿಲ್ಲದೆ ಆ ಭಾಷೆ ಬರದು ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದ್ದರಿಂದ ಪೋಷಕರೇ, ಪುಟ್ಟ ಮಗು ಪ್ರತ್ಯಯ ತಪ್ಪಿದರೆ ಗದರಬೇಡಿ. ಅದರೊಡನೆ ಇನ್ನಷ್ಟು ಮಾತಾಡಿ.