ರಿಲೇ ನಿಯಮ ಮೀರಲಿಲ್ಲ, ಆದರೂ ಕರೆಂಟ್ ಹೋಯಿತು

2012ರ ಜುಲೈ ಕೊನೆಯ ಆ ಎರಡು ದಿನ ದೆಹಲಿಯ ಕನ್ನಡಿಗರಿಗೆ ನೆನಪಿರಬಹುದು. ಮೆಟ್ರೋ ರೈಲುಗಳೇ ನಿಂತುಹೋಗಿದ್ದವು. 30ರ ನಸುಕಿನಲ್ಲಿ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್ ಟ್ರಿಪ್ ಆಗಿ ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಮತ್ತೆ ಅದೇ ಲೈನ್. ಈ ಸಲ ಸುಮಾರು 60 ಕೋಟಿ ಜನರಿಗೆ ಕರೆಂಟ್ ಇಲ್ಲ.

ಲೈನ್ ತುಂಡಾಗಿರಲಿಲ್ಲ, ಶಾರ್ಟ್ ಸರ್ಕ್ಯೂಟೂ ಆಗಿರಲಿಲ್ಲ. ಜೊತೆಯ ಇನ್ನೊಂದು ಲೈನ್ ಕಾಮಗಾರಿಗಾಗಿ ಬಂದ್ ಇತ್ತು. ಉಳಿದದ್ದರ ಮೇಲೆ ಲೋಡ್ ಏರಿ ವೋಲ್ಟೇಜ್ ಇಳಿಯಿತು. ಲೈನ್ ಕಾಯುವ ರಿಲೇ ಅದನ್ನೇ ದೋಷವೆಂದು ತಿಳಿದು, ತನಗೆ ಕೊಟ್ಟ ನಿಯಮದಂತೆಯೇ ಟ್ರಿಪ್ ಮಾಡಿತು.

ಸಾಫ್ಟ್‌ವೇರಿನವರಿಗೆ ಇದು ಪರಿಚಿತ ಬಗ್: ಬಿಡಿಬಿಡಿಯಾಗಿ ಎಲ್ಲವೂ ಸರಿ, ಕೂಡಿದಾಗ ತಪ್ಪು. ನಾವು ಟೆಸ್ಟ್ ಮಾಡುವುದು ನಮಗೆ ಹೊಳೆದ ಸಂದರ್ಭಗಳನ್ನಷ್ಟೇ. ಫಾರ್ಮಲ್ ಮಾಡೆಲಿಂಗ್‌ನಲ್ಲಿ ಲೈನ್, ಲೋಡ್, ರಿಲೇಗಳ ವರ್ತನೆಯನ್ನು ಗಣಿತದಲ್ಲಿ ಬರೆದು, ‘ದೋಷವಿಲ್ಲದೆ ಟ್ರಿಪ್ ಆಗಬಾರದು’ ಎಂಬ ಷರತ್ತು ಹಾಕುತ್ತೇವೆ. ಕಂಪ್ಯೂಟರ್ ಆ ಮಾದರಿಯ ಸ್ಥಿತಿಗಳನ್ನೆಲ್ಲ ಜಾಲಾಡಿ, ಷರತ್ತು ಎಲ್ಲಿ ಮುರಿಯುತ್ತದೆಂದು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತದೆ. ಮಾದರಿಯಲ್ಲಿ ನಾವು ಬಿಟ್ಟದ್ದನ್ನು ಮಾತ್ರ ಅದೂ ಹಿಡಿಯದು.

ಆಗ ದಕ್ಷಿಣದ ಗ್ರಿಡ್ ತನ್ನದೇ ಲಯದಲ್ಲಿ ನಡೆಯುತ್ತಿತ್ತು; ಊರಿನಲ್ಲಿ ದೀಪ ಆರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಎರಡನ್ನೂ ಬೆಸೆಯಿತು. ಈಗ ಊರಿನ ಮನೆಗೂ ನಮ್ಮ ಫ್ಲ್ಯಾಟಿಗೂ ಒಂದೇ ಗ್ರಿಡ್. ಅದರ ನಿಯಮಗಳನ್ನು ಕತ್ತಲಾದ ಮೇಲಲ್ಲ, ಮೊದಲೇ ಪರೀಕ್ಷಿಸಬೇಕು.